ಪಪ್ಪಾಯಿ ಎಲೆ ರಸದಿಂದಲೇ ಪ್ಲೇಟ್‌ಲೆಟ್ ಏರಿತಾ?

ಡೊಂಬಿವಲಿ ಅಕ್ಕ: ಮಳೆ ಶುರುವಾದ ಮೇಲೆ ನಮ್ಮ ಕಡೆ ಡೆಂಗಿ ಜಾಸ್ತಿಯಾಗಿದೆ. ನನ್ನ ಮಗನಿಗೂ ಬಂತು. ಜ್ವರ ಬಿಡುವಾಗ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣ) 42 ಸಾವಿರಕ್ಕೆ ಇಳಿದಿತ್ತು. ಪಪ್ಪಾಯಿ ಎಲೆ ಅರೆದು, ಬಟ್ಟೆಯಲ್ಲಿ ಹಿಂಡಿ, ಹೊತ್ತಿಗೆ ಎರಡು ಚಮಚ ಕುಡಿಸಿದೆ. ಕಹಿ ಅಂತ ಮುಖ ಕಿವುಚಿಕೊಂಡೇ ಕುಡಿದ. ಮೂರು ದಿನದಲ್ಲಿ 1 ಲಕ್ಷ ದಾಟಿತು. ನೀವೂ ಮಾಡಿ ನೋಡಿ.

ಮುಲುಂಡ್ ವಾಸಿ: ಮಗ ಹುಷಾರಾಗಿದ್ದು ಸಂತೋಷ ಅಕ್ಕ. ಆದರೆ ಡೆಂಗಿಯಲ್ಲಿ ಜ್ವರ ಬಿಡುವ ಹೊತ್ತಿಗೇ ಪ್ಲೇಟ್‌ಲೆಟ್ ತೀರಾ ಕೆಳಗಿರುತ್ತದೆ. ಆಮೇಲೆ ಕೆಲವು ದಿನದಲ್ಲಿ ತಾನಾಗಿಯೇ ಏರುತ್ತದೆ. ನೀವು ರಸ ಕೊಟ್ಟಿದ್ದು ಸರಿಯಾಗಿ ಆಗಲೇ. ಕೊಡದೇ ಇದ್ದಿದ್ದರೆ ಏರುತ್ತಿರಲಿಲ್ಲ ಅಂತ ಹೇಗೆ ಹೇಳುತ್ತೀರಿ?

ಠಾಣೆ ಕನ್ನಡಿಗ: ರಸದಿಂದ ಏರಿಲ್ಲ ಅಂತ ನೀವೇ ಸಾಬೀತು ಮಾಡಿ ಸರ್. ಮನೆಮದ್ದನ್ನು ಸುಮ್ನೆ ತಳ್ಳಿಹಾಕಬೇಡಿ.

ಮುಲುಂಡ್ ವಾಸಿ: ನಾನು ಅಲ್ಲ ಅಂದಿಲ್ಲ. ‘ಇದರಿಂದಲೇ’ ಅಂದವರು ಹೇಗೆ ಅಂತ ಹೇಳಬೇಕು ಅಂದೆ, ಅಷ್ಟೇ. ಇವತ್ತು ಪಪ್ಪಾಯಿ ಎಲೆ, ನಾಳೆ ಕಿವಿ ಹಣ್ಣು, ನಾಡಿದ್ದು ಮೇಕೆ ಹಾಲು. ಒಂದೊಂದನ್ನೂ ಸುಳ್ಳು ಅಂತ ತೋರಿಸುವ ಕೆಲಸ ಪ್ರಶ್ನೆ ಕೇಳಿದವನ ತಲೆಗೇ ಕಟ್ಟಿದರೆ ಅದಕ್ಕೆ ಕೊನೆ ಉಂಟಾ?

ಪರೇಲ್ ಓದುಗ: ನಮ್ಮ ಮುಂಬಯಿಯದೇ ಒಂದು ಸಂಗತಿ ಹೇಳುತ್ತೇನೆ. 1896ರಲ್ಲಿ ಇಲ್ಲಿ ಪ್ಲೇಗ್ ಬಂದಾಗ ವಿಜ್ಞಾನಿ ಹಾಫ್‌ಕಿನ್ ಅವರು ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಲಸಿಕೆ ತಯಾರಿಸಿದರು. 1897ರ ಜನವರಿಯಲ್ಲಿ ಮೊದಲು ತಮಗೇ ಚುಚ್ಚಿಕೊಂಡರು. ಅವರಿಗೆ ಪ್ಲೇಗ್ ಬರಲಿಲ್ಲ ಅಂದ ಮಾತ್ರಕ್ಕೆ ಲಸಿಕೆ ಫಲಿಸಿತು ಅನ್ನಲಾಗದು. ಲಸಿಕೆ ಇಲ್ಲದೆಯೂ ಕಾಯಿಲೆ ತಗಲದವರು ಊರ ತುಂಬಾ ಇದ್ದರು. ಅದೇ ತಿಂಗಳು ಪ್ಲೇಗ್ ಹೊಕ್ಕಿದ್ದ ಬೈಕುಲಾ ಜೈಲಿನಲ್ಲಿ, ಒಪ್ಪಿದ ಕೈದಿಗಳಿಗೆ ಕೊಟ್ಟು, ತೆಗೆದುಕೊಳ್ಳದವರ ಜೊತೆ ಹೋಲಿಸಿ ನೋಡಿದರು. ಎರಡೂ ಗುಂಪು ಇದ್ದದ್ದು ಒಂದೇ ಜೈಲಿನಲ್ಲಿ. ಲಸಿಕೆ ಪಡೆದವರಲ್ಲಿ ಕಾಯಿಲೆ ಕಮ್ಮಿ ಕಂಡಿತು. ಆಮೇಲೆಯೇ ಆ ಮಾತಿಗೆ ತೂಕ ಬಂದಿದ್ದು.

ಠಾಣೆ ಕನ್ನಡಿಗ: ಒಪ್ಪಿದವರು ಮೊದಲೇ ಗಟ್ಟಿಮುಟ್ಟಾಗಿದ್ದಿರಬಹುದಲ್ಲ?

ಪರೇಲ್ ಓದುಗ: ಖಂಡಿತ ಇರಬಹುದು. ಅದಕ್ಕೇ ಈಗ ಯಾರಿಗೆ ಮದ್ದು, ಯಾರಿಗೆ ಇಲ್ಲ ಅನ್ನುವುದನ್ನು ಚೀಟಿ ಎತ್ತಿದ ಹಾಗೆ ತೀರ್ಮಾನಿಸುತ್ತಾರೆ. ಹಾಫ್‌ಕಿನ್ ಅವರಿಗೆ ಕೇಳುವ ಪ್ರಶ್ನೆಯನ್ನು ಪಪ್ಪಾಯಿ ಎಲೆಗೂ ಕೇಳಬೇಕು, ಅಲ್ವಾ? ಎಲೆ ರಸದ ಮೇಲೂ ಸಣ್ಣಪುಟ್ಟ ಪ್ರಯೋಗಗಳಾಗಿವೆ. ಕೆಲವದರಲ್ಲಿ ಪ್ಲೇಟ್‌ಲೆಟ್ ಸ್ವಲ್ಪ ಬೇಗ ಏರಿದ್ದು ಕಂಡಿದೆ. ಆದರೆ ಪ್ಲೇಟ್‌ಲೆಟ್ ಏರುವುದು ಬೇರೆ, ಜೀವ ಉಳಿಯುವುದು ಬೇರೆ. ಡೆಂಗಿಯಲ್ಲಿ ದೊಡ್ಡ ಅಪಾಯ ರಕ್ತನಾಳಗಳಿಂದ ನೀರಿನಂಶ ಸೋರಿ ಬಿಪಿ ಕುಸಿಯುವುದು. ಅಕ್ಕ, ಸೋರಿದ್ದನ್ನು ತುಂಬಲು ಆಸ್ಪತ್ರೆಯಲ್ಲಿ ಸಲೈನ್ ಹಾಕಿದ್ದರಾ?

ಡೊಂಬಿವಲಿ ಅಕ್ಕ: ಹಾಕಿದ್ದರು. ಆದರೂ ರಸದಿಂದ ನಷ್ಟವೇನು? ಕುಡಿಸಿದರೆ ಏನಾಯ್ತು?

ಮುಲುಂಡ್ ವಾಸಿ: ರಸವನ್ನೇ ನಂಬಿ ಮನೆಯಲ್ಲಿ ಕೂತವರಿಗೆ ನಷ್ಟ ಅಕ್ಕ. ಜ್ವರ ಬಿಟ್ಟಿತಲ್ಲ ಅಂತ ಸಮಾಧಾನಪಡುವ ಹೊತ್ತಿಗೇ ಜೋರು ಹೊಟ್ಟೆನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ ಶುರುವಾಗಬಹುದು. ಆಗ ತಡಮಾಡದೆ ಆಸ್ಪತ್ರೆಗೆ ಓಡಬೇಕು. ದಯವಿಟ್ಟು ನಿಮ್ಮ ಪೋಸ್ಟಿನಲ್ಲಿ ಸಲೈನ್ ವಿಷಯವನ್ನೂ ಸೇರಿಸಿ.