ಮನೆ ಹಿಂದೆ ಧರೆ ಕಡಿಸಿದಾರೆ, ಮಳೆಗಾಲ ಹತ್ರ ಬಂತು, ಎಂತ ತಯಾರಿ ಮಾಡ್ಕೋಬೇಕು?

ನಗರ ಹೋಬಳಿಯವ

ಎಲ್ರಿಗೂ ನಮಸ್ಕಾರ. ನಮ್ದು ಹೊಸನಗರ ತಾಲೂಕು, ನಗರದ ಕಡೆ. ನಾನಿರೋದು ಬೆಂಗ್ಳೂರಲ್ಲಿ, ಊರಲ್ಲಿ ಅಪ್ಪಯ್ಯ ಅಮ್ಮ ಇಬ್ರೇ. ಹಳೇ ಹಂಚಿನ ಮನೆ, ಹಿಂದೆ ಗುಡ್ಡ, ಮುಂದೆ ತೋಟ, ತೋಟ ಇಳಿದ್ರೆ ಹಳ್ಳ, ಹಳ್ಳಕ್ಕೆ ಒಂದು ಸಂಕ, ಅದು ದಾಟಿದ್ರೇನೇ ಟಾರ್ ರೋಡು. ಅಡಿಕೆ ಬೇಯ್ಸೋ ಶೆಡ್ಡಿಗೆ ಜಾಗ ಬೇಕು ಅಂತ ನಮ್ಮಣ್ಣ ಜೆಸಿಬಿ ತರ್ಸಿ ಹಿಂದಿನ ಧರೆ, ಅಂದ್ರೆ ಗುಡ್ಡದ ಮಣ್ಣಿನ ಅಂಚು, ಕಡಿಸಿದಾನೆ. ಈಗ ಅದು ಎರಡಾಳು ಎತ್ತರ, ಗೋಡೆ ತರ ನೆಟ್ಟಗೆ ನಿಂತಿದೆ. ಹೋದ ಮಳೆಗಾಲದಲ್ಲಿ ಸ್ವಲ್ಪ ಮಣ್ಣು ಜಾರಿ ಬಚ್ಚಲುಮನೆ ಗೋಡೆವರೆಗೂ ಬಂದಿತ್ತು.

ಅಪ್ಪಯ್ಯನ ಹತ್ರ ಹೇಳಿದ್ರೆ "ನಾ ಹುಟ್ಟಿದಾಗಿಂದ ನೋಡಿದ ಗುಡ್ಡ, ಅದಕ್ಕೆಂತ ಆಗ್ತದೆ" ಅಂತಾರೆ. ನಾನು ಅಕ್ಕಿ, ಗ್ಯಾಸು, ಟಾರ್ಚು, ಪವರ್ ಬ್ಯಾಂಕು, ಅಮ್ಮನ ಬಿಪಿ ಮಾತ್ರೆ ಅಂತ ಪಟ್ಟಿ ಮಾಡಿದೀನಿ. ಇಷ್ಟು ಸಾಕಾ? ಇನ್ನೊಂದು, ಟೀವೀಲಿ ವಾರಕ್ಕೊಂದ್ ಸಲ ರೆಡ್ ಅಲರ್ಟ್ ಅಂತಾರೆ, ಯಾವ್ದು ನಂಬ್ಬೇಕು ಯಾವ್ದು ಬಿಡ್ಬೇಕು ಗೊತ್ತಾಗಲ್ಲ.

ಶೇಡಿಮಣ್ಣು (ತೀರ್ಥಹಳ್ಳಿ)

ಪಟ್ಟಿ ಚೆನ್ನಾಗಿದೆ ಮಾರಾಯ್ರೆ, ಆದ್ರೆ ಅದು ಕರೆಂಟ್ ಹೋಗೋದಕ್ಕೆ ತಯಾರಿ. ಧರೆ ಬಿದ್ರೆ ಪವರ್ ಬ್ಯಾಂಕ್ ಇಟ್ಕೊಂಡು ಎಂತ ಮಾಡ್ತೀರಿ?

ನಮ್ ಕಡೆ ನೆಲ ಹೆಂಗಿದೆ ಅಂದ್ರೆ ಮೇಲೆ ಜಂಬಿಟ್ಟಿಗೆ, ನೋಡಕ್ಕೆ ಕಲ್ಲಿನಂಗೇ ಗಟ್ಟಿ, ಅದ್ರ ಅಡಿಗೆ ಸುಮಾರು ಕಡೆ ಶೇಡಿ ಮಣ್ಣು, ಬಿಳಿ ಇಲ್ಲಾ ಹಳದಿ ಬಣ್ಣದ್ದು. ಒಣಗಿದಾಗ ಗಟ್ಟೀನೇ, ಪೂರ್ತಿ ನೀರು ಕುಡೀತು ಅಂದ್ರೆ ಸೋಪು. ಜೆಸಿಬಿಯವ್ರು ಮೇಲಿನ ಗಟ್ಟಿ ಪದರ ದಾಟಿ ಶೇಡಿಗೆ ಬಾಯಿ ಹಾಕಿದ್ರೆ ಗುಡ್ಡದ ಕಾಲು ಕಡಿದಂಗೆ. 2024ರ ಜುಲೈ 16ಕ್ಕೆ ಅಂಕೋಲಾ ಹತ್ರ ಶಿರೂರಲ್ಲಿ ಗುಡ್ಡ ಕುಸಿದು ಬಂತಲ್ಲ, ಅದೂ ಹೆದ್ದಾರಿಗೆ ಅಂತ ಕಡಿದಿದ್ ಜಾಗವೇ. ನಿಮ್ಮ ಅಪ್ಪಯ್ಯ ಹೇಳೋದು ಸುಳ್ಳಲ್ಲ, ಆದ್ರೆ ಅವ್ರು ಹುಟ್ಟಿದಾಗಿಂದ ನೋಡಿದ್ದು ಕಡೀದೇ ಇದ್ದ ಗುಡ್ಡ.

ಈಗ ಮಳೆ ಶುರುವಾಗಕ್ಕಿಂತ ಮುಂಚೆ ಮಾಡಬೋದಾದ್ದು: ಧರೆ ಮೇಲ್ಗಡೆ, ಅಂಚಿಂದ ಸ್ವಲ್ಪ ಹಿಂದಕ್ಕೆ ಸರಿದು ಒಂದು ಅಗಳ, ಅಂದ್ರೆ ಉದ್ದಕ್ಕೆ ಚರಂಡಿ, ಹೊಡ್ಸಿ ಗುಡ್ಡದ ನೀರನ್ನ ಬದಿಗೆ ತಿರುಗ್ಸಿ. ಅಗಳದಲ್ಲಿ ನೀರು ನಿಲ್ಬಾರ್ದು, ಹರಿದು ಹೋಗ್ಬೇಕು, ಆಗೋದಾದ್ರೆ ಒಳಗೆ ಟಾರ್ಪಾಲು ಹಾಸಿ ಇಲ್ಲಾ ಸಿಮೆಂಟು ಬಳ್ಸಿ. ಕೆಲವ್ರು ನೀರು ಇಂಗ್ಸೋದು ಪುಣ್ಯ ಅಂತ ಮನೆ ಮೇಲಿನ ಇಳಿಜಾರಲ್ಲೇ ಇಂಗುಗುಂಡಿ ತೋಡ್ತಾರೆ, ದಯವಿಟ್ಟು ಬೇಡ, ಅಲ್ಲಿ ಇಂಗಿದ ನೀರೇ ಆಮೇಲೆ ಧರೇನ ತಳ್ಳೋದು. ಅಂಚಲ್ಲಿ ದೊಡ್ಡ ಮರ ವಾಲ್ಕೊಂಡಿದ್ರೆ ಬುಡ ಕೀಳ್ಬೇಡಿ, ಮೇಲಿನ ಭಾರ ಮಾತ್ರ ತೆಗ್ಸಿ. ನೆಟ್ಟಗಿರೋ ಧರೇನ ಮೆಟ್ಲು ಮೆಟ್ಲಾಗಿ ಇಳ್ಸೋ ಕೆಲ್ಸ ಮತ್ತೆ ಗೋಡೆ ಕಟ್ಟೋ ಕೆಲ್ಸ ಮುಂದಿನ ಬೇಸಿಗೆಗೆ ಇಟ್ಕೊಳಿ. ಗೋಡೆ ಕಟ್ಟಿದ್ರೂ ನೀರು ಹೊರಗೆ ಬರಕ್ಕೆ ಪೈಪು ಬಿಡ್ದೇ ಕಟ್ಟಿದ್ರೆ ಅದು ಧರೆ ಜೊತೆ ಬೀಳೋ ಇನ್ನೊಂದು ಭಾರ ಅಷ್ಟೆ.

ಅಡಿಕೆ ಕೊಯ್ಲು

ಇಷ್ಟೆಲ್ಲ ಹೆದ್ರಿಸ್ತೀರಲ್ರೀ. ಮಲೆನಾಡಲ್ಲಿ ಯಾರ ಮನೆ ಹಿಂದೆ ಧರೆ ಇಲ್ಲ ಹೇಳಿ? ನಮ್ಮಜ್ಜನ ಕಾಲದಲ್ಲಿ ಇದಕ್ಕಿಂತ ಜಾಸ್ತಿ ಮಳೆ ಬರ್ತಿತ್ತು, ಯಾರೂ ಮನೆ ಬಿಟ್ಟು ಓಡಿಲ್ಲ.

ಆಶ್ಲೇಷಾ ಮಳೆ

ಕೊಯ್ಲು ಅವ್ರೇ, ಅಜ್ಜನ ಕಾಲದಲ್ಲಿ ಜೆಸಿಬಿ ಇರ್ಲಿಲ್ಲ, ಪಿಕಾಸಿ ಗುದ್ದಲೀಲಿ ಎಷ್ಟು ಕಡಿಯಕ್ಕಾಗ್ತದೋ ಅಷ್ಟೇ ಕಡೀತಿದ್ರು.

ಅಲರ್ಟ್ ವಿಷಯ ಹೇಳ್ತೀನಿ. ಹವಾಮಾನ ಇಲಾಖೆ ಲೆಕ್ಕದಲ್ಲಿ ರೆಡ್ ಅಂದ್ರೆ 24 ಗಂಟೇಲಿ 204 ಮಿಲಿಮೀಟರ್ ದಾಟೋ ಮಳೆ, ನಮ್ಮ ಭಾಷೇಲಿ ಎಂಟು ಇಂಚು. ಅದು ಇಡೀ ಜಿಲ್ಲೆಗೆ ಹೇಳೋದು, ಜಿಲ್ಲೇಲಿ ಎಲ್ಲೋ ಒಂದೆರಡು ಕಡೆ ಅಷ್ಟು ಬಿದ್ರೂ ರೆಡ್ಡೇ. ಶಿಕಾರಿಪುರಾನೂ ಶಿವಮೊಗ್ಗ ಜಿಲ್ಲೆ, ಆಗುಂಬೆ ಹುಲಿಕಲ್ಲೂ ಶಿವಮೊಗ್ಗ ಜಿಲ್ಲೆ, ಹಿಂಗಾಗಿ ಶಿಕಾರಿಪುರದವ್ರಿಗೆ ಅದು ತಮಾಷೆ ಅನ್ಸತ್ತೆ, ನಮ್ಗೆ ಎಂಟು ಇಂಚು ಮಾಮೂಲಿ ಅನ್ಸತ್ತೆ, ಇಬ್ರೂ ಟೀವಿ ಆಫ್ ಮಾಡ್ತೀವಿ. ನಿಮ್ಮ ಪಂಚಾಯ್ತಿ ಲೆಕ್ಕವೇ ಬೇಕಾದ್ರೆ ರಾಜ್ಯ ವಿಪತ್ತು ಉಸ್ತುವಾರಿ ಕೇಂದ್ರದವ್ರ ವರುಣಮಿತ್ರ ನಂಬರು 92433 45433ಕ್ಕೆ ಫೋನ್ ಮಾಡಿ, ಪಂಚಾಯ್ತಿ ಪಂಚಾಯ್ತೀಲೂ ಅವ್ರ ಮಳೆಮಾಪಕ ಇದೆ, ಊರು ಹೇಳಿದ್ರೆ ಹೇಳ್ತಾರೆ.

ಆದ್ರೂ ನನ್ನ ಕೇಳಿದ್ರೆ ಒಂದು ದಿನದ ಮಳೆಗಿಂತ ಹಿಂದಿನ ವಾರದ ಮಳೆ ಮುಖ್ಯ. ಒಣ ನೆಲಕ್ಕೆ ಎಂಟು ಇಂಚು ಬಿದ್ರೆ ಹಳ್ಳ ಬರ್ತದೆ ಅಷ್ಟೆ, ಪುನರ್ವಸು ಪುಷ್ಯ ಎರಡೂ ಬಿಡದೇ ಹೊಯ್ದು ಗುಡ್ಡವೆಲ್ಲ ನೀರು ಕುಡ್ದಾದ್ಮೇಲೆ ಐದು ಇಂಚು ಬಿದ್ರೂ ಗುಡ್ಡ ಬರಬೋದು. ಕೊಡಗಲ್ಲಿ 2018ರ ಆಗಸ್ಟು, ಮೂಡಿಗೆರೆ ಕಡೆ 2019ರ ಆಗಸ್ಟು, ತಲಕಾವೇರೀಲಿ 2020ರ ಆಗಸ್ಟು, ಮೂರೂ ಆಶ್ಲೇಷದಲ್ಲೇ, ನಾ ಈ ಹೆಸ್ರು ಇಟ್ಕೊಂಡಿದ್ದು ಸುಮ್ನೆ ಅಲ್ಲ. ಅಂಗಳದಲ್ಲಿ ನೆಟ್ಟಗಿನ ಅಂಚಿನ ಒಂದು ಡಬ್ಬಿ ಇಟ್ಟು ದಿನಾ ಬೆಳಿಗ್ಗೆ ಎಂಟೂವರೆಗೆ ಸ್ಕೇಲಲ್ಲಿ ಅಳ್ದು ಕ್ಯಾಲೆಂಡರಲ್ಲಿ ಬರೀರಿ, ಇಲಾಖೆಯವ್ರೂ ಅಳೆಯೋದು ಅದೇ ಹೊತ್ತಿಗೆ. ಅಪ್ಪಯ್ಯಂಗೆ ಈ ಕೆಲ್ಸ ಕೊಡಿ, ಬೇಡ ಅನ್ನಲ್ಲ, ಊರವ್ರ ಹತ್ರ ಇಂಚಿನ ಲೆಕ್ಕ ಹೇಳೋದು ಅಂದ್ರೆ ನಮ್ ಕಡೆ ಹಿರೀರಿಗೆ ಎಲ್ಲಿಲ್ಲದ ಖುಷಿ.

ಕೊಡಚಾದ್ರಿ ತಪ್ಪಲು

ಅಳೆಯೋದು ಸರಿ, ಎಷ್ಟಾದ್ರೆ ಹೊರಡೋದು, ಎಲ್ಲಿಗೆ ಹೊರಡೋದು ಅನ್ನೋದನ್ನ ಈಗಲೇ, ಬಿಸಿಲಿದ್ದಾಗಲೇ ಮಾತಾಡಿ ಇಟ್ಕೊಳಿ ತಮ್ಮಾ. ರಾತ್ರಿ ಎರಡು ಗಂಟೆಗೆ ಕರೆಂಟಿಲ್ದೇ ಟವರ್ ಸತ್ತಾಗ ನೀನು ಬೆಂಗ್ಳೂರಿಂದ ಎಷ್ಟು ಫೋನ್ ಮಾಡಿದ್ರೂ ಹೋಗಲ್ಲ. ಮತ್ತೆ ಆ ಹೊತ್ತಲ್ಲಿ ನಿಮ್ ಸಂಕ ದಾಟ್ಸೋದು ಬ್ಯಾಡವೇ ಬ್ಯಾಡ, ಹಳ್ಳದ ಆಚೆ ಹೋಗೋದಾದ್ರೆ ಹಗಲೇ, ಇಲ್ಲಾಂದ್ರೆ ಈಚೆ ಕಡೇಲೇ ಗುಡ್ಡದ ಬುಡದಲ್ಲಿ ಇಲ್ದಿರೋ ಮನೆ ಯಾವ್ದು ನೋಡಿ ಆ ಮನೆಯವ್ರ ಹತ್ರ ಒಂದು ಮಾತು ಹೇಳಿಡು. ಹಳ್ಳದ ದಂಡೆ ಮನೆ ಆಗ್ಬಾರ್ದು. 2024ರಲ್ಲಿ ವಯನಾಡಲ್ಲಿ ಗುಡ್ಡ ಜರಿದಿದ್ದು ಎಲ್ಲೋ ಮೇಲೆ, ಮಣ್ಣು ಬಂಡೆ ಎಲ್ಲ ಹೊಳೆ ಹಿಡ್ಕೊಂಡು ಕಿಲೋಮೀಟರ್‌ಗಟ್ಲೆ ಬಂದು ಕೆಳಗಿನ ಊರು ಹೊಡೀತು.

ಮನೆ ಬಿಡಲ್ಲ ಅಂತ ಹಟ ಮಾಡ್ತಾರೆ ಅಂದ್ರೆ ಅರ್ಧ ದಾರಿ ಒಂದಿದೆ. ಜೋರು ಮಳೆ ದಿನ ಧರೆ ಕಡೆ ಕೋಣೇಲಿ ಮಲಗ್ಬಾರ್ದು, ಹಾಸಿಗೆ ಮುಂದಿನ ಜಗಲಿಗೆ. ನಮ್ಮನೇಲಿ ಮಾವನೋರು ಕಡೀಗೂ ಒಪ್ಪಿದ್ದು ಇದೊಂದಕ್ಕೇ, ಅದೂ ಅತ್ತೆ ಬಂದು ಹಾಸಿಗೆ ಸುತ್ತಿದ್ಮೇಲೆ!

ಅಮ್ಮಂಗೆ ಇಷ್ಟು ಹೇಳಿಡು. ಧರೆಯಿಂದ ಯಾವಾಗ್ಲೂ ಬರೋ ಒರತೆ ನೀರು ಕೆಂಪಗೆ ಬಂದ್ರೆ, ಹೊಸ ಜಾಗದಲ್ಲಿ ಜಲ ಎದ್ರೆ, ಹರೀತಿದ್ದ ಹಳ್ಳ ಮಳೆ ಹೊಯ್ತಿದ್ದಂಗೇ ಸಣ್ಣ ಆದ್ರೆ, ಗುಡ್ಡದ ಮೇಲೆ ನೆಲ ಬಿರುಕು ಬಿಟ್ರೆ, ನಿನ್ನೆವರೆಗೂ ಸಲೀಸಾಗಿ ಹಾಕ್ತಿದ್ದ ಬಾಗ್ಲು ಚೌಕಟ್ಟಿಗೆ ಸಿಗಾಕೊಂಡ್ರೆ, ಇಂಚು ಗಿಂಚು ನೋಡ್ದೇ ಎದ್ದು ಹೊರಡೋದು. ಹಳ್ಳ ಸಣ್ಣ ಆಯ್ತು ಅಂತ ಖುಷಿ ಪಡಂಗಿಲ್ಲ, ಮೇಲೆಲ್ಲೋ ಮಣ್ಣು ಕಟ್ಟಿ ನೀರು ನಿಂತಿದೆ ಅಂತ ಅರ್ಥ. ಹೊರಡುವಾಗ ಕೊಟ್ಟಿಗೆಗೆ ಹೋಗಿ ದನದ ಕಣ್ಣಿ ಬಿಚ್ಚಿ ಬಿಡ್ಲಿ, ಅವೇ ದಾರಿ ನೋಡ್ಕೊಳ್ತವೆ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕು, ಮಾತ್ರೆ ಚೀಟಿ ಒಂದು ಪ್ಲಾಸ್ಟಿಕ್ ಕವರಲ್ಲಿ ಹಾಕಿ ಬಾಗ್ಲ ಹತ್ರ ಮೊಳೇಲಿ ನೇತಾಕಿರ್ಲಿ. ಅಮ್ಮನ ಮಾತ್ರೆ ಒಂದು ತಿಂಗಳಿಗಾಗೋಷ್ಟು ಜೂನಲ್ಲೇ ತಂದಿಡು. ಜಿಲ್ಲಾ ಕಂಟ್ರೋಲ್ ರೂಮ್ 1077, ಯಾವ್ದೂ ನೆನಪಾಗಿಲ್ಲ ಅಂದ್ರೆ 112, ಗೋಡೆ ಮೇಲೆ ಇದ್ಲಲ್ಲಾದ್ರೂ ಬರೆದಿಡು.

ತುಂಗೆ ದಂಡೆ

ನಾವು ಶಿವಮೊಗ್ಗ ಪೇಟೆಯವ್ರು, ನಮ್ಗೆ ಧರೆ ಭಯ ಇಲ್ಲ, ಹೊಳೆ ಭಯ. ತುಂಗೆಗೆ ಕಟ್ಟಿರೋ ಗಾಜನೂರು ಡ್ಯಾಮು ಹಿಡಿಯೋದೇ ಮೂರು ಚಿಲ್ರೆ ಟಿಎಂಸಿ, ಬೇಗ ತುಂಬತ್ತೆ, ಆಮೇಲೆ ಮೇಲಿಂದ ಬಂದಿದ್ದೆಲ್ಲ ಹಂಗೇ ಕೆಳಗೆ. ತೀರ್ಥಹಳ್ಳೀಲಿ ಹೊಳೇಲಿರೋ ರಾಮಮಂಟಪ ಮುಳುಗ್ತು ಅಂತ ಸುದ್ದಿ ಬಂದ್ರೆ ನಾವು ಕೆಳಗಿನ ಸಾಮಾನೆಲ್ಲ ಅಟ್ಟಕ್ಕೆ ಏರ್ಸಕ್ಕೆ ಶುರು ಮಾಡ್ತೀವಿ. ವಿಷಯಾಂತರ ಆಯ್ತು, ಬಿಡಿ.

ನಗರ ಹೋಬಳಿಯವ

ಎಲ್ರಿಗೂ ಥ್ಯಾಂಕ್ಸ್. ಅಣ್ಣಂಗೆ ಇದನ್ನೆಲ್ಲ ಓದ್ಸಿದೆ, ಅಗಳ ಹೊಡ್ಸಕ್ಕೆ ಆಳು ಹುಡುಕ್ತಾ ಇದಾನೆ. ಇನ್ನೊಂದು ಕೇಳ್ಬೇಕಿತ್ತು, ಅಕಸ್ಮಾತ್ ಮನೆಗೇನಾದ್ರೂ ಆದ್ರೆ ಪರಿಹಾರ ಸಿಗ್ತದಾ? ಅಡಿಕೆಗೆ ಇನ್ಶೂರೆನ್ಸ್ ಕಟ್ಟಿದೀವಿ, ಅದ್ರಲ್ಲಿ ಬರಲ್ವಾ?

ಶೇಡಿಮಣ್ಣು (ತೀರ್ಥಹಳ್ಳಿ)

ಅದು ಹವಾಮಾನ ಆಧಾರಿತ ಬೆಳೆ ವಿಮೆ, ಪಂಚಾಯ್ತಿ ಮಳೆಮಾಪಕದ ಲೆಕ್ಕ ನೋಡಿ ಬೆಳೆಗೆ ಕೊಡೋದು, ಮನೆಗೂ ಅದಕ್ಕೂ ಸಂಬಂಧ ಇಲ್ಲ. ಮನೆಗೆ ಕೊಡೋದು ವಿಪತ್ತು ಪರಿಹಾರ ನಿಧಿಯಿಂದ. ಕೇಂದ್ರ 2022ರಲ್ಲಿ ಮಾಡಿದ ನಿಯಮದ ಪ್ರಕಾರ ಪೂರ್ತಿ ಬಿದ್ದ ಮನೆಗೆ ಬಯಲಲ್ಲಿ 1.20 ಲಕ್ಷ, ಗುಡ್ಡಗಾಡಲ್ಲಿ 1.30 ಲಕ್ಷ. 2019ರ ನೆರೆಗೆ ರಾಜ್ಯ ಸರ್ಕಾರ 5 ಲಕ್ಷದವರೆಗೂ ಕೊಟ್ಟಿತ್ತು, ಆದ್ರೆ ಅದು ಆಯಾ ವರ್ಷದ ಸರ್ಕಾರದ ತೀರ್ಮಾನ, ನಂಬ್ಕೊಂಡು ಕೂರಂಗಿಲ್ಲ.

ಮನೆ ಜಾಗದ ದಾಖಲೆ ಈಗಲೇ ನೋಡ್ಕೊಳಿ. ನಮ್ಮಲ್ಲಿ ಎಷ್ಟೋ ಮನೆ ಸರ್ಕಾರಿ ಜಾಗದಲ್ಲಿವೆ, 94ಸಿ ಅಡಿ ಸಕ್ರಮ ಆಗಿ ಹಕ್ಕುಪತ್ರ ಸಿಕ್ಕಿಲ್ಲ ಅಂದ್ರೆ ಪರಿಹಾರದ ಹೊತ್ತಿಗೆ ಓಡಾಟ ಜಾಸ್ತಿ. ಮತ್ತೆ ಈಗ್ಲೇ ಮನೆ ನಾಲ್ಕೂ ಕಡೆಯಿಂದ, ಧರೆ ಸಮೇತ, ತಾರೀಖು ಬರೋ ಹಂಗೆ ಫೋಟೋ ತೆಗೆದಿಡಿ. ಬಿದ್ಮೇಲೆ ಗ್ರಾಮ ಆಡಳಿತಾಧಿಕಾರಿ ಬಂದು ನೋಡೋವರೆಗೂ ಮಣ್ಣು ಎತ್ಬೇಡಿ, ಎತ್ಲೇಬೇಕು ಅಂದ್ರೆ ಮೊದ್ಲು ಫೋಟೋ.

ಅಡಿಕೆ ಕೊಯ್ಲು

ನಾನೂ ಹೋಗಿ ನಮ್ಮ ಧರೆ ನೋಡ್ಕೊಂಡ್ ಬಂದೆ, ಬುಡದಲ್ಲಿ ಹಳದಿ ಮಣ್ಣೇ ಇದೆ. ಲಾವಂಚ ನೆಟ್ರೆ ಹಿಡಿಯತ್ತೆ ಅಂತಾರಲ್ಲ, ನಿಜವಾ?

ಶೇಡಿಮಣ್ಣು (ತೀರ್ಥಹಳ್ಳಿ)

ಮೇಲಿನ ಮಣ್ಣು ಕೊಚ್ಚಿ ಹೋಗೋದನ್ನ ಹಿಡಿಯತ್ತೆ, ಬೇರು ಆಳಕ್ಕೆ ಇಳಿಯಕ್ಕೆ ಒಂದೆರಡು ವರ್ಷ ಬೇಕು. ನೆಟ್ಟಗೆ ಕಡಿದ ಧರೇಲಿ ನಿಲ್ಲಲ್ಲ, ಮೊದ್ಲು ಇಳಿಜಾರು ಮಾಡಿ ಆಮೇಲೆ ನೆಡಿ. ಈ ವರ್ಷಕ್ಕೆ ಅಗಳನೇ ಗತಿ.