ಅಮೆರಿಕದಲ್ಲಿ ಮತ ಹಾಕಲು ಗುರುತಿನ ಚೀಟಿ: ವಕೀಲರಿಗೆ ನಮ್ಮ ಪ್ರಶ್ನೆಗಳು

ಪ್ರಶ್ನೆ (ಸ್ಯಾನ್ ಹೋಸೆ, ಕ್ಯಾಲಿಫೋರ್ನಿಯಾ): ಮೇಡಂ, ನಮಸ್ಕಾರ. ಬೆಂಗಳೂರಿನಲ್ಲಿ ಇದ್ದಷ್ಟು ಕಾಲ ವೋಟರ್ ಐಡಿ ಜೇಬಿನಲ್ಲಿಲ್ಲದೆ ನಾನು ಮತಗಟ್ಟೆಗೆ ಹೋದವನಲ್ಲ. ಇಲ್ಲಿ ಪೌರತ್ವ ಸಿಕ್ಕಿದ ಮೇಲೆ ಮೊದಲ ಸಲ ಮತ ಹಾಕಲು ಹೋದಾಗ ಹೆಸರು, ವಿಳಾಸ ಕೇಳಿ, ಸಹಿ ಹಾಕಿಸಿಕೊಂಡು ಮತಪತ್ರ ಕೊಟ್ಟುಬಿಟ್ಟರು. ವಿಮಾನ ಹತ್ತಲು ಗುರುತಿನ ಚೀಟಿ ಕೇಳುವ ದೇಶ ಮತ ಹಾಕಲು ಯಾಕೆ ಕೇಳುವುದಿಲ್ಲ?

ಉತ್ತರ: ನಮಸ್ಕಾರ. ಮೊದಲು ಊರಿನ ಪದ್ಧತಿಯನ್ನೇ ಸರಿಯಾಗಿ ನೋಡೋಣ. ಅಲ್ಲಿಯೂ ಮುಖ್ಯವಾದದ್ದು ಪಟ್ಟಿಯಲ್ಲಿ ಹೆಸರಿರುವುದು. ವೋಟರ್ ಐಡಿ ಕಳೆದುಹೋಗಿದ್ದರೆ ಆಧಾರ್, ಫೋಟೊ ಇರುವ ಪಾಸ್‌ಬುಕ್, ನರೇಗಾ ಜಾಬ್ ಕಾರ್ಡ್ ಹೀಗೆ ಬೇರೆ ದಾಖಲೆ ತೋರಿಸಿಯೂ ಮತ ಹಾಕಬಹುದು. ಅದಕ್ಕಿಂತ ದೊಡ್ಡ ವಿಷಯವೆಂದರೆ, ಪಟ್ಟಿ ತಯಾರಿಸುವ ಹೊಣೆಯನ್ನು ಚುನಾವಣಾ ಆಯೋಗವೇ ಹೊತ್ತಿದೆ. ಮನೆ ಬಾಗಿಲಿಗೆ ಬರುವ ಮತಗಟ್ಟೆ ಮಟ್ಟದ ಅಧಿಕಾರಿ, ಅಂದರೆ ಬಿಎಲ್‌ಒ ಬಹುಮಟ್ಟಿಗೆ ನಿಮ್ಮ ಬಡಾವಣೆಯ ಶಾಲೆಯ ಶಿಕ್ಷಕರೋ ಅಂಗನವಾಡಿ ಕಾರ್ಯಕರ್ತೆಯೋ ಆಗಿರುತ್ತಾರೆ. ಆಗ ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಟಿ.ಎನ್. ಶೇಷನ್ ಅವರು 1993ರಲ್ಲಿ ಫೋಟೊ ಇರುವ ಚೀಟಿಗಾಗಿ ಪಟ್ಟು ಹಿಡಿದಾಗ ಅದನ್ನು ಮಾಡಿಸಿಕೊಡುವ ಕೆಲಸವೂ ಸರ್ಕಾರದ ಹೆಗಲಿಗೇ ಬಿತ್ತು.

ಅಮೆರಿಕದಲ್ಲಿ ಹೀಗಿಲ್ಲ. ಇಡೀ ದೇಶಕ್ಕೆ ಒಂದು ಗುರುತಿನ ಚೀಟಿಯಿಲ್ಲ. ಇಡೀ ದೇಶದ ಚುನಾವಣೆ ನಡೆಸುವ ಒಂದು ಆಯೋಗವೂ ಇಲ್ಲ. ಸಂವಿಧಾನದ ಮೊದಲ ವಿಧಿಯ 4ನೆಯ ಪರಿಚ್ಛೇದವು ಚುನಾವಣೆಯ ಸಮಯ, ಸ್ಥಳ, ಕ್ರಮಗಳನ್ನು ಗೊತ್ತುಪಡಿಸುವುದನ್ನು ರಾಜ್ಯಗಳ ಶಾಸನಸಭೆಗಳಿಗೆ ಬಿಟ್ಟಿದೆ. ಬೇಕಾದರೆ ಸಂಸತ್ತು ಅದನ್ನು ಬದಲಿಸಬಹುದು. ಹಾಗಾಗಿ ಇಲ್ಲಿ ರಾಜ್ಯಕ್ಕೊಂದು ನಿಯಮ. 30ಕ್ಕೂ ಹೆಚ್ಚು ರಾಜ್ಯಗಳು ಒಂದಲ್ಲ ಒಂದು ಬಗೆಯ ಗುರುತು ಕೇಳುತ್ತವೆ. ನಿಮ್ಮ ಕ್ಯಾಲಿಫೋರ್ನಿಯಾ, ಆಚೆ ನ್ಯೂಯಾರ್ಕ್ ಸಾಮಾನ್ಯವಾಗಿ ಮತಗಟ್ಟೆಯಲ್ಲಿ ಕೇಳುವುದಿಲ್ಲ.

ಹಾಗೆಂದು ಯಾವ ತಪಾಸಣೆಯೂ ಇಲ್ಲವೆಂದಲ್ಲ. 2000ದ ಅಧ್ಯಕ್ಷೀಯ ಚುನಾವಣೆಯಲ್ಲಿ ಫ್ಲಾರಿಡಾದಲ್ಲಿ ನಡೆದ ಎಣಿಕೆಯ ಗಲಾಟೆಯ ನಂತರ 2002ರಲ್ಲಿ ಬಂದ ಕೇಂದ್ರ ಕಾನೂನಿನ ಪ್ರಕಾರ, ನೋಂದಣಿಯ ಅರ್ಜಿಯಲ್ಲಿಯೇ ಡ್ರೈವಿಂಗ್ ಲೈಸೆನ್ಸಿನ ಸಂಖ್ಯೆ ಅಥವಾ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯ ಕೊನೆಯ 4 ಅಂಕಿ ಕೊಡಬೇಕು. ಅದನ್ನು ಸರ್ಕಾರಿ ದಾಖಲೆಗಳೊಂದಿಗೆ ತಾಳೆ ನೋಡುತ್ತಾರೆ. ಅಂಚೆ ಮತವಾದರೆ ಹಲವು ರಾಜ್ಯಗಳಲ್ಲಿ ಲಕೋಟೆಯ ಮೇಲಿನ ಸಹಿಯನ್ನು ಕಡತದಲ್ಲಿರುವ ಸಹಿಗೆ ಹೋಲಿಸುತ್ತಾರೆ.

ನಾನು ವರ್ಜೀನಿಯಾದಲ್ಲಿ ವಕೀಲಿಕೆಯ ಜೊತೆಗೆ ಚುನಾವಣೆಯ ದಿನ ಮತಗಟ್ಟೆ ಅಧಿಕಾರಿಯಾಗಿಯೂ ಕೆಲಸ ಮಾಡುತ್ತೇನೆ. ಮತದಾರರು ಪೂರ್ತಿ ಹೆಸರು, ವಿಳಾಸ ಹೇಳುತ್ತಾರೆ. ನಾನು ಅವರ ಹೆಸರನ್ನು ಎಲ್ಲರಿಗೂ ಕೇಳುವಂತೆ ಮತ್ತೊಮ್ಮೆ ಹೇಳಿ ಪಟ್ಟಿಯಲ್ಲಿ ಗುರುತು ಹಾಕುತ್ತೇನೆ. ಲೈಸೆನ್ಸ್ ಇದ್ದರೆ ಸರಿ, ಇಲ್ಲದಿದ್ದರೆ ಇತ್ತೀಚಿನ ವಿದ್ಯುತ್ ಬಿಲ್ಲಾದರೂ ಆಗುತ್ತದೆ. ಅದೂ ಇಲ್ಲವಾದರೆ "ನಾನೇ ಈ ಮತದಾರ" ಎಂಬ ಹೇಳಿಕೆಗೆ ಸಹಿ ಹಾಕಬೇಕು. ಸುಳ್ಳು ಸಹಿ ಹಾಕಿದರೆ ಜೈಲು. ಒಂದು ಮತಕ್ಕಾಗಿ ಜೈಲಿಗೆ ಹೋಗಲು ಸಿದ್ಧರಿರುವವರು ತೀರಾ ಕಡಿಮೆ.

ಪ್ರಶ್ನೆ (ಅಟ್ಲಾಂಟಾ, ಜಾರ್ಜಿಯಾ): ಕ್ಷಮಿಸಿ ಮೇಡಂ, ಇದು ಒಂದು ಪಕ್ಷದ ವಾದದಂತೆ ಕೇಳುತ್ತಿದೆ. ನಮ್ಮ ರಾಜ್ಯದಲ್ಲಿ ಫೋಟೊ ಐಡಿ ಕೇಳುತ್ತಾರೆ, ಯಾರಿಗೂ ತೊಂದರೆಯಾದದ್ದನ್ನು ನಾನು ಕಂಡಿಲ್ಲ. ಅಮೆರಿಕನ್ನರಲ್ಲಿ ಬಹುಪಾಲು ಜನ ಇದನ್ನೇ ಬಯಸುತ್ತಾರಲ್ಲವೇ?

ಉತ್ತರ: ಬಯಸುತ್ತಾರೆ. 2024ರ ಗ್ಯಾಲಪ್ ಸಮೀಕ್ಷೆಯಲ್ಲಿ ಶೇ 84ರಷ್ಟು ಜನ ಫೋಟೊ ಐಡಿಯ ಪರವಾಗಿದ್ದರು. ಅವರ ಬಯಕೆಯನ್ನು ನಾನು ತಪ್ಪೆನ್ನುವುದಿಲ್ಲ. ಚುನಾವಣೆಯ ಮೇಲೆ ಸೋತವರಿಗೂ ನಂಬಿಕೆ ಇರಬೇಕು. ಡೆಮಾಕ್ರಟಿಕ್ ಪಕ್ಷದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಮತ್ತು ರಿಪಬ್ಲಿಕನ್ ಪಕ್ಷದ ಮಾಜಿ ವಿದೇಶಾಂಗ ಸಚಿವ ಜೇಮ್ಸ್ ಬೇಕರ್ ಒಟ್ಟಿಗೆ ನಡೆಸಿದ ಆಯೋಗವೂ 2005ರಲ್ಲಿ ಫೋಟೊ ಐಡಿಯನ್ನು ಶಿಫಾರಸು ಮಾಡಿತ್ತು. ಆದರೆ ಚೀಟಿ ಇಲ್ಲದವರನ್ನು ಸರ್ಕಾರವೇ ಹುಡುಕಿಕೊಂಡು ಹೋಗಿ ಉಚಿತವಾಗಿ ಕೊಡಬೇಕು ಎಂದೂ ಹೇಳಿತ್ತು. ಶಿಫಾರಸಿನ ಮೊದಲರ್ಧವನ್ನು ಹಿಡಿದುಕೊಂಡ ರಾಜ್ಯಗಳು ಎರಡನೆಯ ಅರ್ಧವನ್ನು ಎಷ್ಟರ ಮಟ್ಟಿಗೆ ಪಾಲಿಸಿದವು ಎಂಬುದರ ಮೇಲೆಯೇ ನನ್ನ ತಕರಾರು.

ಫೋಟೊ ಐಡಿ ಕಡ್ಡಾಯ ಮಾಡಿದ ಇಂಡಿಯಾನಾ ರಾಜ್ಯದ ಕಾನೂನನ್ನು ಸುಪ್ರೀಂ ಕೋರ್ಟ್ 2008ರ ಏಪ್ರಿಲ್ 28ರಂದು 6-3 ಬಹುಮತದಿಂದ ಎತ್ತಿಹಿಡಿಯಿತು. ಮುಖ್ಯ ತೀರ್ಪು ಬರೆದವರು ಉದಾರವಾದಿ ಎನಿಸಿಕೊಂಡಿದ್ದ ನ್ಯಾಯಮೂರ್ತಿ ಸ್ಟೀವನ್ಸ್. ಮತಗಟ್ಟೆಯಲ್ಲಿ ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಮತ ಹಾಕಿದ ಒಂದೇ ಒಂದು ಪ್ರಕರಣವೂ ಆ ರಾಜ್ಯದ ದಾಖಲೆಯಲ್ಲಿಲ್ಲ ಎಂದು ಅದೇ ತೀರ್ಪಿನಲ್ಲಿದೆ. ಮುಂದಿನ ವಾರವೇ, ಮೇ 6ರಂದು, ಪಕ್ಷಗಳ ಅಭ್ಯರ್ಥಿಗಳನ್ನು ಆರಿಸುವ ಪ್ರಾಥಮಿಕ ಚುನಾವಣೆ ನಡೆಯಿತು. ಸೌತ್ ಬೆಂಡ್ ನಗರದ ಕಾನ್ವೆಂಟೊಂದರ ಮತಗಟ್ಟೆಗೆ ಎಂಬತ್ತು, ತೊಂಬತ್ತು ದಾಟಿದ ಸುಮಾರು ಹನ್ನೆರಡು ಮಂದಿ ಕ್ರೈಸ್ತ ಸನ್ಯಾಸಿನಿಯರು ಬಂದರು. ಕಾರು ಓಡಿಸುವುದನ್ನು ಬಿಟ್ಟವರಿಗೆ ಲೈಸೆನ್ಸ್ ಎಲ್ಲಿಂದ ಬರಬೇಕು? ಕೆಲವರ ಬಳಿ ಅವಧಿ ಮುಗಿದ ಪಾಸ್‌ಪೋರ್ಟ್ ಇತ್ತು. ಅವರನ್ನು ವಾಪಸು ಕಳುಹಿಸಬೇಕಾಗಿ ಬಂದ ಮತಗಟ್ಟೆ ಅಧಿಕಾರಿ ಅದೇ ಕಾನ್ವೆಂಟಿನ ಇನ್ನೊಬ್ಬ ಸನ್ಯಾಸಿನಿ. ಒಳಗೆ ಬಂದ ಪ್ರತಿಯೊಬ್ಬರ ಗುರುತೂ ಆಕೆಗೆ ಚೆನ್ನಾಗಿಯೇ ಇತ್ತು. ಆ ಮೇಜಿನ ಹಿಂದೆ ಕುಳಿತು ಗೊತ್ತಿರುವ ನನಗೆ ಆಕೆಯ ಸ್ಥಿತಿಯನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಯಾವ ಚೀಟಿಗಳು ನಡೆಯುತ್ತವೆ ಎಂಬ ಆಯ್ಕೆಯಲ್ಲಿಯೂ ರಾಜಕೀಯವಿದೆ. ಟೆಕ್ಸಾಸಿನ 2011ರ ಕಾನೂನು ಬಂದೂಕು ಇಟ್ಟುಕೊಳ್ಳುವ ಪರವಾನಗಿಯನ್ನು ಒಪ್ಪಿತು, ಸರ್ಕಾರಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯ ಗುರುತಿನ ಚೀಟಿಯನ್ನು ಒಪ್ಪಲಿಲ್ಲ. 1965ರ ಮತದಾನ ಹಕ್ಕು ಕಾಯ್ದೆಯಡಿ, ಮತದಾನದಲ್ಲಿ ಜನಾಂಗ ತಾರತಮ್ಯ ನಡೆದಿದ್ದ ಟೆಕ್ಸಾಸಿನಂಥ ರಾಜ್ಯಗಳು ಚುನಾವಣೆಯ ನಿಯಮ ಬದಲಿಸಲು ಮೊದಲೇ ಕೇಂದ್ರದ ಒಪ್ಪಿಗೆ ಪಡೆಯಬೇಕಿತ್ತು. 2013ರಲ್ಲಿ ಶೆಲ್ಬಿ ಕೌಂಟಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಕಟ್ಟುಪಾಡನ್ನು ನಿರರ್ಥಕಗೊಳಿಸಿದ ಬೆನ್ನಿಗೇ ಟೆಕ್ಸಾಸ್ ತನ್ನ ಕಾನೂನನ್ನು ಜಾರಿಗೆ ತಂದಿತು. ಆಮೇಲೆ ಕೋರ್ಟುಗಳ ಒತ್ತಡದಿಂದ ಅದು ಸಡಿಲವಾಯಿತು.

ವಿರೋಧಿಗಳ ಮಾತನ್ನೂ ಪರೀಕ್ಷಿಸಬೇಕು. ಇಂಥ ಕಾನೂನಿನಿಂದ ಲಕ್ಷಗಟ್ಟಲೆ ಜನ ಮತದಾನದಿಂದ ದೂರವಾಗುತ್ತಾರೆ ಎಂದು ಅವರು ಹೇಳುತ್ತಿದ್ದರು. 2008ರಿಂದ 2018ರವರೆಗಿನ ದೇಶವ್ಯಾಪಿ ದಾಖಲೆಗಳನ್ನು ಜಾಲಾಡಿದ ಅಧ್ಯಯನವೊಂದು ಒಟ್ಟು ಮತದಾನದ ಪ್ರಮಾಣದಲ್ಲಿ ಗಮನಾರ್ಹ ಇಳಿಕೆ ಕಾಣಲಿಲ್ಲ. ವಂಚನೆ ಕಡಿಮೆಯಾದದ್ದನ್ನೂ ಕಾಣಲಿಲ್ಲ. ಕಡಿಮೆಯಾಗಲು ಹೆಚ್ಚೇನೂ ಇರಲೇ ಇಲ್ಲ: ಕಾನೂನು ಪ್ರಾಧ್ಯಾಪಕ ಜಸ್ಟಿನ್ ಲೆವಿಟ್ 2000ದಿಂದ 2014ರವರೆಗಿನ ನೂರು ಕೋಟಿಗೂ ಹೆಚ್ಚು ಮತಗಳ ನಡುವೆ ಈ ಬಗೆಯ ಸೋಗಿನ ಮತದಾನದ 31 ನಂಬಲರ್ಹ ಪ್ರಸಂಗಗಳನ್ನಷ್ಟೇ ಕಂಡರು. ನಿಜವಾದ ದೊಡ್ಡ ವಂಚನೆ ನಡೆದದ್ದು 2018ರಲ್ಲಿ, ಉತ್ತರ ಕ್ಯಾರೊಲಿನಾದ 9ನೆಯ ಕ್ಷೇತ್ರದಲ್ಲಿ. ರಿಪಬ್ಲಿಕನ್ ಅಭ್ಯರ್ಥಿಯ ಪರ ಕೆಲಸ ಮಾಡುತ್ತಿದ್ದವರು ಜನರ ಮನೆಗಳಿಂದ ಅಂಚೆ ಮತಪತ್ರಗಳನ್ನು ಅಕ್ರಮವಾಗಿ ಸಂಗ್ರಹಿಸಿದ್ದರು. ಫಲಿತಾಂಶವೇ ರದ್ದಾಗಿ 2019ರಲ್ಲಿ ಮರುಚುನಾವಣೆ ನಡೆಯಿತು. ಮತಗಟ್ಟೆಯಲ್ಲಿ ಫೋಟೊ ನೋಡುವುದರಿಂದ ಅದನ್ನು ತಡೆಯಲು ಆಗುತ್ತಿರಲಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ: ಫೋಟೊ ಐಡಿ ಕೇಳಲಿ. ಅದರ ಜೊತೆಗೆ ಜನನ ಪ್ರಮಾಣಪತ್ರದ ಶುಲ್ಕವನ್ನೂ ಮನ್ನಾ ಮಾಡಲಿ, ಹಳ್ಳಿಗಳಿಗೆ ಸಂಚಾರಿ ಕಚೇರಿ ಕಳುಹಿಸಲಿ, ವಿದ್ಯಾರ್ಥಿಯ ಚೀಟಿಯನ್ನೂ ಒಪ್ಪಲಿ, ಏನೂ ಇಲ್ಲದವರಿಗೆ ಸಹಿಯ ದಾರಿ ಬಿಡಲಿ. ಇಷ್ಟು ಮಾಡಲು ತಯಾರಿಲ್ಲದ ಶಾಸಕರು ಚುನಾವಣೆಯ ಶುದ್ಧತೆಯ ಮಾತಾಡಿದರೆ ನಾನು ನಂಬುವುದಿಲ್ಲ.

ಪ್ರಶ್ನೆ (ಡಲ್ಲಾಸ್, ಟೆಕ್ಸಾಸ್): ಅಕ್ಕ, ನನ್ನ ತಾಯಿಗೆ 74 ವರ್ಷ. ಇತ್ತೀಚೆಗೆ ಪೌರತ್ವ ಬಂದಿದೆ. ಡ್ರೈವಿಂಗ್ ಲೈಸೆನ್ಸ್ ಇಲ್ಲ, ಅಮೆರಿಕದ ಪಾಸ್‌ಪೋರ್ಟ್ ಇನ್ನೂ ಮಾಡಿಸಿಲ್ಲ, ಇಂಗ್ಲಿಷ್ ಓದಲು ಕಷ್ಟ. ಮತ ಹಾಕಲೇಬೇಕು ಎಂದು ಹಟ ಹಿಡಿದಿದ್ದಾರೆ. ಸಾಧ್ಯವೇ?

ಉತ್ತರ: ಖಂಡಿತ ಸಾಧ್ಯ. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ಪ್ರಮಾಣವಚನದ ದಿನ ಕೊಟ್ಟ ಪೌರತ್ವ ಪ್ರಮಾಣಪತ್ರದಲ್ಲಿ ಅವರ ಫೋಟೊ ಇರುತ್ತದೆ. ಟೆಕ್ಸಾಸಿನ ಮತಗಟ್ಟೆಯಲ್ಲಿ ಅದು ನಡೆಯುತ್ತದೆ. ಅಷ್ಟು ಬೆಲೆಬಾಳುವ ಕಾಗದವನ್ನು ಹೊರಗೆ ಒಯ್ಯಲು ಇಷ್ಟವಿಲ್ಲದಿದ್ದರೆ, ಲೈಸೆನ್ಸ್ ಕೊಡುವ ಕಚೇರಿಯಲ್ಲಿ ಸ್ವಲ್ಪ ಶುಲ್ಕ ಕಟ್ಟಿ ರಾಜ್ಯದ ಗುರುತಿನ ಚೀಟಿ ಮಾಡಿಸಿ. ಆಮೇಲೂ ಎಲ್ಲ ಕಡೆ ಉಪಯೋಗಕ್ಕೆ ಬರುತ್ತದೆ.

ಇಂಗ್ಲಿಷಿನ ವಿಷಯ. ಷಿಕಾಗೊ ಇರುವ ಕುಕ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂತೆ) ಹಿಂದಿಯಲ್ಲಿ, ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಬಂಗಾಳಿಯಲ್ಲಿ ನೆರವು ಸಿಗುತ್ತದೆ, ನಿಮ್ಮಲ್ಲಿ ಕನ್ನಡಕ್ಕೆ ಆ ಸೌಲಭ್ಯವಿಲ್ಲ. ಆದರೆ ಮತದಾನ ಹಕ್ಕು ಕಾಯ್ದೆಯ 208ನೆಯ ಸೆಕ್ಷನ್ ಪ್ರಕಾರ ಓದಲಾಗದ ಮತದಾರರು ತಮಗೆ ಬೇಕಾದವರನ್ನು ಜೊತೆಗೆ ಕರೆದೊಯ್ಯಬಹುದು. ಕೆಲಸ ಕೊಟ್ಟ ಮಾಲೀಕರು ಮತ್ತು ಕಾರ್ಮಿಕ ಸಂಘದ ಪ್ರತಿನಿಧಿ ಮಾತ್ರ ಆಗಕೂಡದು. ನಿಮ್ಮದೇ ರಾಜ್ಯದ ವಿಲಿಯಮ್ಸನ್ ಕೌಂಟಿಯಲ್ಲಿ 2014ರಲ್ಲಿ ಬಂಗಾಳಿ ಮಾತನಾಡುವ ಭಾರತೀಯ ಮೂಲದ ತಾಯಿಯೊಬ್ಬರು ಮಗನನ್ನು ಕರೆದುಕೊಂಡು ಮತಗಟ್ಟೆಗೆ ಹೋಗಿದ್ದರು. ಮಗನ ಹೆಸರು ಪಕ್ಕದ ಕೌಂಟಿಯ ಪಟ್ಟಿಯಲ್ಲಿದೆ, ಹಾಗಾಗಿ ಆತ ದುಭಾಷಿಯಾಗುವಂತಿಲ್ಲ ಎಂದು ತಡೆದರು. ತಾಯಿ ಒಬ್ಬರೇ ಒಳಗೆ ಹೋಗಬೇಕಾಯಿತು. ಕೇಂದ್ರ ಮೇಲ್ಮನವಿ ನ್ಯಾಯಾಲಯ 2017ರಲ್ಲಿ ಟೆಕ್ಸಾಸಿನ ಆ ನಿರ್ಬಂಧ ಕೇಂದ್ರ ಕಾನೂನಿಗೆ ವಿರುದ್ಧವೆಂದು ತೀರ್ಪು ಕೊಟ್ಟಿತು. ಹಾಗಾಗಿ ಯಾರಾದರೂ ತಡೆದರೆ ಹಿಂದೆ ಸರಿಯಬೇಡಿ, ಮೇಲಧಿಕಾರಿಯನ್ನು ಕರೆಯಿರಿ ಎಂದು ವಿನಯದಿಂದಲೇ ಕೇಳಿ. ಸಹಾಯಕರಾಗಿ ನೀವು ಅಲ್ಲಿ ಒಂದು ಫಾರ್ಮ್ ತುಂಬಿ ಪ್ರಮಾಣ ಮಾಡಬೇಕಾಗುತ್ತದೆ. ಯಾರಿಗೆ ಮತ ಎಂಬುದನ್ನು ಅಮ್ಮನೇ ಹೇಳಬೇಕು, ನೀವು ಸೂಚಿಸುವಂತಿಲ್ಲ.

65 ದಾಟಿದವರಿಗೆ ಅಂಚೆ ಮತದ ಅವಕಾಶವೂ ಇದೆ. ಆದರೆ 2021ರ ಹೊಸ ಕಾನೂನಿನಂತೆ ಲಕೋಟೆಯ ಮೇಲೆ ಬರೆಯುವ ಗುರುತಿನ ಸಂಖ್ಯೆ ನೋಂದಣಿಯಲ್ಲಿರುವ ಸಂಖ್ಯೆಗೆ ಹೊಂದಬೇಕು. 2022ರ ಮಾರ್ಚ್ ಪ್ರಾಥಮಿಕ ಚುನಾವಣೆಯಲ್ಲಿ 24 ಸಾವಿರಕ್ಕೂ ಹೆಚ್ಚು ಅಂಚೆ ಮತಗಳು ತಿರಸ್ಕೃತವಾದದ್ದು ಬಹುತೇಕ ಇದೇ ಕಾರಣಕ್ಕೆ. ಅಮ್ಮನಿಗೆ ನಡೆಯಲು ಶಕ್ತಿ ಇದ್ದರೆ ಕರೆದುಕೊಂಡೇ ಹೋಗಿ.

ಪ್ರಶ್ನೆ (ಎಡಿಸನ್, ನ್ಯೂಜೆರ್ಸಿ): ನಾನು ಗ್ರೀನ್ ಕಾರ್ಡ್ ಇರುವವನು. ಲೈಸೆನ್ಸ್ ನವೀಕರಣಕ್ಕೆ ಹೋದಾಗ ಮತದಾರರಾಗಿ ನೋಂದಾಯಿಸಲೇ ಎಂಬ ಪ್ರಶ್ನೆ ಪರದೆಯ ಮೇಲೆ ಬಂತು. ಹೌದು ಎಂದು ಒತ್ತಿದೆನೋ ಏನೋ, ಭಯವಾಗುತ್ತಿದೆ.

ಉತ್ತರ: ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಯಾವ ಕಾರಣಕ್ಕೂ ಮತ ಹಾಕಬೇಡಿ. 1996ರ ಕಾನೂನಿನ ಪ್ರಕಾರ ಪೌರರಲ್ಲದವರು ಕೇಂದ್ರದ ಚುನಾವಣೆಯಲ್ಲಿ ಮತ ಹಾಕುವುದು ಅಪರಾಧ. ಅದರಿಂದ ಗಡೀಪಾರೂ ಆಗಬಹುದು. ತಾನು ಅಮೆರಿಕದ ಪೌರ ಎಂದು ಸುಳ್ಳು ಹೇಳಿಕೊಂಡರೆ ಅದರ ಪರಿಣಾಮ ಇನ್ನೂ ಕಠಿಣ. ಪೌರತ್ವದ ಅರ್ಜಿಯಲ್ಲಿ "ಎಂದಾದರೂ ಮತದಾರರಾಗಿ ನೋಂದಾಯಿಸಿದ್ದೀರಾ" ಎಂಬ ಪ್ರಶ್ನೆ ಇದ್ದೇ ಇರುತ್ತದೆ. ಕೌಂಟಿಯ ಚುನಾವಣಾ ಕಚೇರಿಗೆ ಏನನ್ನಾದರೂ ಬರೆಯುವ ಮೊದಲು ವಲಸೆ ವಕೀಲರನ್ನು ಕಾಣಿ. ಅವರು ನೋಂದಣಿ ಆಗಿದೆಯೇ ಎಂದು ನೋಡಿ, ಆಗಿದ್ದರೆ ರದ್ದುಮಾಡಿಸುವ ಪತ್ರವನ್ನು ಸರಿಯಾದ ಮಾತಿನಲ್ಲಿ ಬರೆದುಕೊಡುತ್ತಾರೆ.

ತಪ್ಪು ಯಾವಾಗಲೂ ಅರ್ಜಿದಾರರದ್ದೇ ಆಗಿರುವುದಿಲ್ಲ. ಆರೆಗಾನ್ ರಾಜ್ಯದಲ್ಲಿ ಲೈಸೆನ್ಸ್ ಕಚೇರಿಯ ಗುಮಾಸ್ತರು ವಿದೇಶಿ ಪಾಸ್‌ಪೋರ್ಟನ್ನು ಅಮೆರಿಕದ್ದೆಂದು ನಮೂದಿಸಿದ್ದರಿಂದ, ಪೌರತ್ವಕ್ಕೆ ದಾಖಲೆ ಕೊಡದ ಸಾವಿರಕ್ಕೂ ಹೆಚ್ಚು ಜನರ ಹೆಸರು ತಾನಾಗಿಯೇ ಪಟ್ಟಿ ಸೇರಿತ್ತು. ಅದು ಹೊರಬಿದ್ದದ್ದು 2024ರಲ್ಲಿ. ಎಚ್-1ಬಿ ಇರುವವರೂ ಇದನ್ನು ಓದಿ, ಆ ಪರದೆಯ ಮುಂದೆ ಅವಸರ ಮಾಡಬೇಡಿ.

ಪ್ರಶ್ನೆ (ಷಿಕಾಗೊ, ಇಲಿನಾಯ್): ನೋಂದಣಿಗೇ ಪೌರತ್ವದ ದಾಖಲೆ ಬೇಕು ಎಂಬ ಮಸೂದೆಯ ಬಗ್ಗೆ ಕೇಳುತ್ತಿದ್ದೇನೆ. ರಿಯಲ್ ಐಡಿ, ಅಂದರೆ ಕೇಂದ್ರದ ಮಾನದಂಡಕ್ಕೆ ಹೊಂದುವ ನಕ್ಷತ್ರದ ಗುರುತಿನ ಲೈಸೆನ್ಸ್, ಇದ್ದರೆ ಸಾಕಲ್ಲವೇ? ನನ್ನ ಇನ್ನೊಂದು ಕಷ್ಟ: ಹಳೆಯ ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆಯದ ಕಾರಣ ಇಲ್ಲಿನ ಕೆಲವು ದಾಖಲೆಗಳಲ್ಲಿ ನನ್ನ ಹೆಸರು "ಎಫ್‌ಎನ್‌ಯು" (ಮೊದಲ ಹೆಸರು ಗೊತ್ತಿಲ್ಲ) ಎಂದಾಗಿದೆ.

ಉತ್ತರ: ಆ ಮಸೂದೆಯ ಹೆಸರು ಸೇವ್ ಆಕ್ಟ್. ಪ್ರತಿನಿಧಿ ಸಭೆ ಅದನ್ನು 2024ರ ಜುಲೈನಲ್ಲಿ ಒಮ್ಮೆ, 2025ರ ಏಪ್ರಿಲ್‌ನಲ್ಲಿ ಇನ್ನೊಮ್ಮೆ ಅಂಗೀಕರಿಸಿತು. ರಿಯಲ್ ಐಡಿಯ ನಕ್ಷತ್ರ ಪೌರತ್ವಕ್ಕೆ ಸಾಕ್ಷಿಯಲ್ಲ, ಎಚ್-1ಬಿ ಇರುವವರ ಲೈಸೆನ್ಸಿನಲ್ಲಿಯೂ ಅದೇ ನಕ್ಷತ್ರವಿರಬಹುದು. ಪೌರತ್ವ ತೋರಿಸುವ ವಿಶೇಷ ಲೈಸೆನ್ಸ್ ಸಿಗುವುದು ಮಿಷಿಗನ್, ಮಿನೆಸೋಟ, ನ್ಯೂಯಾರ್ಕ್, ವರ್ಮಾಂಟ್, ವಾಷಿಂಗ್ಟನ್ ಈ ಐದು ರಾಜ್ಯಗಳಲ್ಲಿ ಮಾತ್ರ. ಮಸೂದೆ ಕಾನೂನಾದರೆ ಉಳಿದವರಿಗೆ ಪಾಸ್‌ಪೋರ್ಟೋ ಜನನ ಪ್ರಮಾಣಪತ್ರವೋ ಪೌರತ್ವ ಪ್ರಮಾಣಪತ್ರವೋ ಬೇಕಾಗುತ್ತದೆ. ಮದುವೆಯ ನಂತರ ಹೆಸರು ಬದಲಿಸಿಕೊಂಡ ಹೆಂಗಸರ ಜನನ ಪ್ರಮಾಣಪತ್ರದಲ್ಲಿ ತವರಿನ ಹೆಸರೇ ಇರುತ್ತದೆ.

ಇದನ್ನು ಕ್ಯಾನ್ಸಸ್ ರಾಜ್ಯ ಆಗಲೇ ಪ್ರಯೋಗ ಮಾಡಿ ನೋಡಿದೆ. ಅಲ್ಲಿ ದಾಖಲೆ ಕೊಡಲಿಲ್ಲವೆಂದು ಸುಮಾರು 31 ಸಾವಿರ ಜನರ ನೋಂದಣಿ ತಡೆಹಿಡಿಯಲಾಯಿತು ಇಲ್ಲವೇ ರದ್ದಾಯಿತು. ಅವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಪೌರರೇ. ಹಿಂದಿನ 19 ವರ್ಷಗಳಲ್ಲಿ ನೋಂದಣಿಯಾಗಿದ್ದ ಪೌರರಲ್ಲದವರು 39 ಮಂದಿ, ಅದೂ ಬಹುಮಟ್ಟಿಗೆ ಗೊಂದಲ ಮತ್ತು ಕಚೇರಿಯ ತಪ್ಪುಗಳಿಂದ ಎಂದು ಕೋರ್ಟ್ 2018ರಲ್ಲಿ ಕಂಡುಕೊಂಡಿತು. ಆ ಕಾನೂನು ಬಿದ್ದುಹೋಯಿತು. ಕಳ್ಳನನ್ನು ಹಿಡಿಯಲು ಊರಿಗೆಲ್ಲ ಬೇಲಿ ಹಾಕಿದಂತೆ ಆಗಿತ್ತು ಅದು.

ಈಗ ನಿಮ್ಮ ಹೆಸರು. ತಂದೆಯ ಹೆಸರು, ಊರಿನ ಹೆಸರು, ಇನಿಷಿಯಲ್ ಇರುವ ನಮ್ಮಂಥವರಿಗೆ ಇದು ಸಣ್ಣ ತೊಡಕಲ್ಲ. ಜಾರ್ಜಿಯಾದಲ್ಲಿ 2018ರಲ್ಲಿ ಅರ್ಜಿಯಲ್ಲಿನ ಹೆಸರು ಸರ್ಕಾರಿ ದಾಖಲೆಗೆ ಅಕ್ಷರಕ್ಕೆ ಅಕ್ಷರ ಹೊಂದಬೇಕೆಂಬ ನಿಯಮದಿಂದ ಸುಮಾರು 53 ಸಾವಿರ ಅರ್ಜಿಗಳು ನಿಂತುಹೋಗಿದ್ದವು. ನಿಮಗಿನ್ನೂ ಪೌರತ್ವ ಬಂದಿಲ್ಲವಾದರೆ ಅರ್ಜಿಯಲ್ಲಿಯೇ ಹೆಸರು ಬದಲಾವಣೆ ಕೋರಿ. ನ್ಯಾಯಾಧೀಶರ ಮುಂದೆ ನಡೆಯುವ ಪ್ರಮಾಣವಚನದಲ್ಲಿ ಪ್ರತ್ಯೇಕ ದಾವೆಯಿಲ್ಲದೆ ಅದು ಆಗುತ್ತದೆ. ಪೌರತ್ವ ಬಂದಿದ್ದರೆ ಸ್ಥಳೀಯ ಕೋರ್ಟಿನಿಂದ ಬದಲಾವಣೆಯ ಆದೇಶ ಪಡೆಯಿರಿ. ಆಮೇಲೆ ಮೊದಲು ಸೋಷಿಯಲ್ ಸೆಕ್ಯುರಿಟಿ ಕಚೇರಿ, ನಂತರ ಲೈಸೆನ್ಸ್, ಪಾಸ್‌ಪೋರ್ಟ್, ಕೊನೆಗೆ ಮತದಾರರ ಪಟ್ಟಿ, ಈ ಕ್ರಮದಲ್ಲಿ ಸರಿಪಡಿಸಿಕೊಳ್ಳಿ. ಇದನ್ನೆಲ್ಲ ಚುನಾವಣೆ ಇಲ್ಲದ ತಿಂಗಳುಗಳಲ್ಲಿ ಮಾಡಿ ಮುಗಿಸಿ. ಆದೇಶದ ಪ್ರತಿ ಯಾರ ಬಳಿಯಾದರೂ ಈಗಾಗಲೇ ಇದ್ದು ಸಂದೇಹವಿದ್ದರೆ ಖಾಸಗಿಯಾಗಿ ಕಳುಹಿಸಿ, ನೋಡಿ ಹೇಳುತ್ತೇನೆ.