ಎಕ್ಸ್‌ಪೋಷರ್ ಎಷ್ಟಿಡಬೇಕು? ತಾರೀಖು ಇರುವ ಬಾಟಲಿಯನ್ನೂ ವಿಷನ್ ಸೆನ್ಸರ್ ತಳ್ಳುತ್ತಿದೆ

ತುಮಕೂರು ಲೈನ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ವಸಂತನರಸಾಪುರದ ಒಂದು ಅಡುಗೆ ಎಣ್ಣೆ ಪ್ಯಾಕಿಂಗ್ ಘಟಕದಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಮೋಟರ್, ಪ್ಯಾನೆಲ್ ಕೆಲಸ ಗೊತ್ತು. ಕ್ಯಾಮೆರಾ ಕೆಲಸ ಹೊಸದು. ಮ್ಯಾನುಯಲ್ ಓದಿದೆ, ಆದರೆ ಯಾವುದನ್ನು ಮೊದಲು ಮುಟ್ಟಬೇಕು ಅಂತ ಅದರಲ್ಲಿ ಇಲ್ಲ.

ನಮ್ಮದು 1 ಲೀಟರ್ ಬಾಟಲಿ, ಹಳದಿ ಮುಚ್ಚಳ. ಮುಚ್ಚಳದ ಮೇಲೆ ಇಂಕ್‌ಜೆಟ್ ಪ್ರಿಂಟರ್ ಕಪ್ಪು ಶಾಯಿಯಲ್ಲಿ ತಾರೀಖು, ಬ್ಯಾಚ್ ನಂಬರ್ ಹಾಕುತ್ತದೆ. ಮುಂದೆ ಒಂದು ಮೀಟರ್ ದೂರದಲ್ಲಿ ವಿಷನ್ ಸೆನ್ಸರ್ ಮೇಲಿನಿಂದ ನೋಡುತ್ತದೆ. ಒಂದು ಚೌಕದೊಳಗೆ ಕಪ್ಪು ಎಷ್ಟಿದೆ ಅಂತ ಎಣಿಸಿ ಮಾಸ್ಟರ್ ಚಿತ್ರಕ್ಕೆ ಹೋಲಿಸಿ ಅಂಕ ಕೊಡುತ್ತದೆ. 70ಕ್ಕಿಂತ ಕಡಿಮೆ ಬಂದರೆ ಸಿಲಿಂಡರ್ ಬಾಟಲಿಯನ್ನು ಪಕ್ಕಕ್ಕೆ ತಳ್ಳುತ್ತದೆ.

ಬೆಳಿಗ್ಗೆ ನಿಮಿಷಕ್ಕೆ 60 ಬಾಟಲಿ, ಏನೂ ತೊಂದರೆ ಇಲ್ಲ. ಹೋದ ತಿಂಗಳಿನಿಂದ ಮಧ್ಯಾಹ್ನ 2ರ ಮೇಲೆ 120ಕ್ಕೆ ಓಡಿಸುತ್ತಿದ್ದೇವೆ. ಆಗ ರಿಜೆಕ್ಟ್ ಶುರುವಾಗುತ್ತದೆ, 4 ಗಂಟೆ ದಾಟಿದರೆ ಇನ್ನೂ ಜಾಸ್ತಿ. ನಿನ್ನೆ 4ರಿಂದ 5ರವರೆಗೆ ಟ್ರೇನಲ್ಲಿ 41 ಬಾಟಲಿ ಬಿದ್ದಿದ್ದವು. ಒಂದೊಂದೇ ಎತ್ತಿ ನೋಡಿದೆ. 38ರಲ್ಲಿ ತಾರೀಖು ಚೆನ್ನಾಗಿಯೇ ಇತ್ತು. ಅಕ್ಷರ ಮಸುಕಾಗಿ ಕಂಡವು ಅಂತ ಗೇನ್ (ಸಿಕ್ಕ ಚಿತ್ರವನ್ನು ಸೆನ್ಸರ್ ಒಳಗೇ ಬೆಳ್ಳಗೆ ಮಾಡುವ ಸೆಟ್ಟಿಂಗ್) ಏರಿಸಿದೆ, ಇನ್ನೂ ಕೆಟ್ಟಿತು. ಎಕ್ಸ್‌ಪೋಷರ್, ಅಂದರೆ ಒಂದು ಚಿತ್ರಕ್ಕೆ ಕ್ಯಾಮೆರಾ ಬೆಳಕು ಹಿಡಿಯುವ ಹೊತ್ತು, 5 ಮಿಲಿಸೆಕೆಂಡ್ ಇದೆ, ಕೂರಿಸಿದವರು ಇಟ್ಟು ಹೋದದ್ದು.

ಕೊನೆಗೆ ಶಿಫ್ಟ್‌ನವರು ಅಂಕದ ಮಿತಿಯನ್ನು 70ರಿಂದ 50ಕ್ಕೆ ಇಳಿಸಿದರು. ರಿಜೆಕ್ಟ್ ನಿಂತಿತು. ನನಗೆ ಸಮಾಧಾನ ಆಗಲಿಲ್ಲ. ಪ್ರಿಂಟ್ ಇಲ್ಲದ ಮುಚ್ಚಳದ ಬಾಟಲಿ ಒಂದನ್ನು ನಾನೇ ಬಿಟ್ಟು ನೋಡಿದೆ. 55 ಅಂಕ ತೋರಿಸಿ ಪಾಸ್ ಆಗಿ ಹೋಯಿತು! ತಾರೀಖಿಲ್ಲದ ಎಣ್ಣೆ ಯಾರ ಮನೆಗೋ ಹೋಗುವುದು ಸರಿಯಲ್ಲ. ದಯವಿಟ್ಟು ದಾರಿ ಹೇಳಿ.

ಪೀಣ್ಯ ಪ್ಯಾನೆಲ್:

ಮೊದಲು ಮಿತಿಯನ್ನು ವಾಪಸ್ 70ಕ್ಕೆ ಇಡಿ ಸರ್. ಇವತ್ತೇ. ಚಿತ್ರ ಸರಿಯಾಗುವ ತನಕ ಟ್ರೇ ಹತ್ತಿರ ಒಬ್ಬರನ್ನು ನಿಲ್ಲಿಸಿ, ಒಳ್ಳೆಯ ಬಾಟಲಿಗಳನ್ನು ಕೈಯಲ್ಲಿ ವಾಪಸ್ ಹಾಕಲಿ. ಆಮೇಲೆ ಬಾಟಲಿಯಿಂದ ಬಾಟಲಿಗೆ ಅಂತರ, ಸೆನ್ಸರ್ ಎತ್ತರ, ಚಿತ್ರದಲ್ಲಿ ಎಷ್ಟು ಅಗಲ ಕಾಣುತ್ತದೆ, ಟ್ರಿಗರ್ ಡಿಲೇ (ಫೋಟೋ ಸೆನ್ಸರ್‌ಗೆ ಬಾಟಲಿ ಸಿಕ್ಕ ಮೇಲೆ ಚಿತ್ರ ತೆಗೆಯುವ ಮೊದಲು ಕಾಯುವ ಹೊತ್ತು) ಎಷ್ಟು, ಇವನ್ನು ಹೇಳಿ.

ತುಮಕೂರು ಲೈನ್:

70ಕ್ಕೆ ಇಟ್ಟೆ. ಅಂತರ 150 ಮಿ.ಮೀ. ಸೆನ್ಸರ್ ಮುಚ್ಚಳದಿಂದ 300 ಮಿ.ಮೀ. ಮೇಲೆ. ಚಿತ್ರ 640 ಪಿಕ್ಸೆಲ್, ಸ್ಕೇಲ್ ಇಟ್ಟು ನೋಡಿದೆ, 64 ಮಿ.ಮೀ. ಅಗಲ. ಟ್ರಿಗರ್ ಡಿಲೇ 20 ಮಿಲಿಸೆಕೆಂಡ್. ಫೋಟೋ ಸೆನ್ಸರ್ ಸ್ವಲ್ಪ ಹಿಂದಿದೆ.

ಹಾರೋಹಳ್ಳಿ ಅಕ್ಕ:

ತಮ್ಮಾ, ನೀನು ಪ್ರಿಂಟ್ ಇಲ್ಲದ ಬಾಟಲಿ ಬಿಟ್ಟು ನೋಡಿದೆಯಲ್ಲ, ಅದು ತುಂಬಾ ಒಳ್ಳೆಯ ಕೆಲಸ. ನಾನು ಹದಿನಾಲ್ಕು ವರ್ಷದಿಂದ ಈ ಸೆನ್ಸರ್‌ಗಳನ್ನು ಹೊಂದಿಸುತ್ತಿದ್ದೇನೆ, ಈಗಲೂ ಪ್ರತಿ ಶಿಫ್ಟ್ ಶುರುವಿಗೆ ಅದನ್ನೇ ಮಾಡಿಸುತ್ತೇನೆ.

ನಿನ್ನಲ್ಲಿ ಒಂದಲ್ಲ, ಮೂರು ತೊಂದರೆ ಸೇರಿಕೊಂಡಿವೆ. ಬಿಡಿಸಿ ನೋಡೋಣ.

ಮೊದಲನೆಯದು ವೇಗ. ನಿಮಿಷಕ್ಕೆ 120 ಬಾಟಲಿ, 150 ಮಿ.ಮೀ. ಅಂತರ ಅಂದರೆ ಬೆಲ್ಟ್ ಸೆಕೆಂಡಿಗೆ 300 ಮಿ.ಮೀ. ಹೋಗುತ್ತಿದೆ. 5 ಮಿಲಿಸೆಕೆಂಡ್ ಕಣ್ಣು ತೆರೆದಿಟ್ಟರೆ ಅಷ್ಟರಲ್ಲಿ ಮುಚ್ಚಳ ಒಂದೂವರೆ ಮಿ.ಮೀ. ಸರಿದಿರುತ್ತದೆ. ನಿನ್ನ ಲೆಕ್ಕದಲ್ಲಿ 15 ಪಿಕ್ಸೆಲ್. ಇಂಕ್‌ಜೆಟ್ ಅಕ್ಷರ ಸಣ್ಣ ಸಣ್ಣ ಚುಕ್ಕಿ ಅಲ್ವಾ? ಆ ಚುಕ್ಕಿ ಅಷ್ಟುದ್ದ ಎಳೆದುಕೊಂಡರೆ ಕಪ್ಪು ಹಳದಿಯ ಜೊತೆ ಬೆರೆತು ಬೂದಿ ಬಣ್ಣವಾಗುತ್ತದೆ. ಸೆನ್ಸರ್ ಬೂದಿಯನ್ನು ಕಪ್ಪು ಅಂತ ಎಣಿಸುವುದಿಲ್ಲ. ನೀನು ಗೇನ್ ಏರಿಸಿದಾಗ ಆ ಬೂದಿ ಇನ್ನೂ ಬೆಳ್ಳಗಾಯಿತು. ಅದಕ್ಕೇ ಅಂಕ ಮತ್ತೂ ಬಿತ್ತು. ಬೆಳಿಗ್ಗೆ ವೇಗ ಅರ್ಧ, ಎಳೆತವೂ ಅರ್ಧ, ಹೇಗೋ ಪಾಸಾಗುತ್ತಿತ್ತು.

ಖಚಿತ ಮಾಡಿಕೊಳ್ಳಲು ಬೆಲ್ಟ್ ನಿಲ್ಲಿಸಿ ಒಂದು ಬಾಟಲಿ ಇಟ್ಟು ಚಿತ್ರ ತೆಗೆ. ಚುಕ್ಕಿ ಚುಕ್ಕಿಯಾಗಿ ಸ್ಪಷ್ಟ ಬಂದರೆ ಫೋಕಸ್ ಸರಿ ಇದೆ, ಅದನ್ನು ಮುಟ್ಟಬೇಡ. ಓಡುವಾಗ ಬೆಲ್ಟ್ ಹೋಗುವ ಕಡೆಗೆ ಮಾತ್ರ ಎಳೆದಂತಿದ್ದರೆ ಅದು ಎಕ್ಸ್‌ಪೋಷರ್. ಎಲ್ಲಾ ಕಡೆಗೂ ಮಸುಕಾದರೆ ಫೋಕಸ್. ಮರಳು ಚೆಲ್ಲಿದ ಹಾಗೆ ಕಂಡರೆ ಗೇನ್ ಜಾಸ್ತಿ.

ಎಕ್ಸ್‌ಪೋಷರ್ ಅನ್ನು 0.5ಕ್ಕೆ ಇಳಿಸು. ಎಳೆತ 0.15 ಮಿ.ಮೀ. ಆಗುತ್ತದೆ, ಸಾಕು. ಚಿತ್ರ ಕಗ್ಗತ್ತಲಾಗುತ್ತದೆ, ಹೆದರಬೇಡ. ಬೆಳಕು ಹತ್ತನೇ ಒಂದು ಪಾಲಾಗಿದೆ ಅಷ್ಟೇ. ಅದನ್ನು ಗೇನ್‌ನಿಂದ ತುಂಬಲು ಹೋಗಬೇಡ, ನಿಜವಾದ ಬೆಳಕು ಕೊಡು. ಸೆನ್ಸರ್ ಅನ್ನು 200 ಮಿ.ಮೀ.ಗೆ ಇಳಿಸಿದರೆ ಚಿತ್ರದ ಅಗಲ ಸುಮಾರು 43 ಆಗುತ್ತದೆ, ಮುಚ್ಚಳಕ್ಕೆ ಅಷ್ಟು ಸಾಕು. ಅದರೊಳಗಿನ ಎಲ್‌ಇಡಿ ಬೆಳಕೂ ಹೆಚ್ಚುಕಮ್ಮಿ ಎರಡು ಪಟ್ಟು ಸಿಗುತ್ತದೆ. ಅಷ್ಟು ಹತ್ತಿರ ಇಡಬಹುದಾ ಅಂತ ಮ್ಯಾನುಯಲ್‌ನಲ್ಲಿ ಕನಿಷ್ಠ ದೂರ ನೋಡಿಕೋ. ಇಳಿಸಿದ ಮೇಲೆ ಫೋಕಸ್ ಮತ್ತೆ ಹಿಡಿಯಬೇಕು. ಉಳಿದದ್ದಕ್ಕೆ ಹೊರಗಿನಿಂದ ಒಂದು ಬಾರ್ ಲೈಟ್ ಬೇಕೇ ಬೇಕು.

ಎರಡನೆಯದು ಟ್ರಿಗರ್. 20 ಮಿಲಿಸೆಕೆಂಡ್ ಡಿಲೇಯಲ್ಲಿ ಬೆಳಿಗ್ಗೆ ಬಾಟಲಿ 3 ಮಿ.ಮೀ. ಹೋಗುತ್ತದೆ, ಮಧ್ಯಾಹ್ನ 6. ಮುಚ್ಚಳ ಚೌಕದಿಂದ 3 ಮಿ.ಮೀ. ಜರುಗಿದಾಗ ಅದರ ಅಂಚಿನ ನೆರಳು ಚೌಕದೊಳಗೆ ಬರುತ್ತದೆ. ಸೆನ್ಸರ್‌ಗೆ ಆ ನೆರಳೂ ಕಪ್ಪೇ. ಖಾಲಿ ಮುಚ್ಚಳಕ್ಕೆ 55 ಬಂದದ್ದು ಅಲ್ಲಿಂದಲೇ ಇರಬೇಕು. ಆ ಚಿತ್ರ ಸೇವ್ ಆಗಿದ್ದರೆ ತೆಗೆದು ನೋಡು. ಫೋಟೋ ಸೆನ್ಸರ್ ಅನ್ನು ಮುಂದೆ ಸರಿಸಿ ಡಿಲೇ ಸೊನ್ನೆ ಮಾಡು. ವೇಗ ಎಷ್ಟಾದರೂ ಮುಚ್ಚಳ ಅದೇ ಜಾಗದಲ್ಲಿ ಸಿಗುತ್ತದೆ.

ಮೂರನೆಯದು 4 ಗಂಟೆ. ಪಡುವಣದ ಕಡೆ ಬಾಗಿಲೋ ಶಟರ್ರೋ ಇದೆಯಾ?

ಪೀಣ್ಯ ಪ್ಯಾನೆಲ್:

ಅಕ್ಕ ಹೇಳಿದ್ದು ಸರಿ. ಬಾರ್ ಲೈಟ್ ಕೆಂಪು ತಗೊಳ್ಳಿ. ಕೆಂಪು ಬೆಳಕಲ್ಲಿ ಹಳದಿ ಬೆಳ್ಳಗೆ ಕಾಣುತ್ತದೆ, ಕಪ್ಪು ಕಪ್ಪಾಗಿಯೇ ಉಳಿಯುತ್ತದೆ. ಸೆನ್ಸರ್‌ನಲ್ಲಿ ಸ್ಟ್ರೋಬ್ ಔಟ್‌ಪುಟ್ (ಚಿತ್ರ ತೆಗೆಯುವ ಕ್ಷಣಕ್ಕೆ ಮಾತ್ರ ದೀಪ ಹೊತ್ತಿಸುವ ಸಿಗ್ನಲ್) ಇದ್ದರೆ ಅದಕ್ಕೆ ಜೋಡಿಸಿ. ಇನ್ನೊಂದು, ಮುಚ್ಚಳ ಹೊಳೆಯುತ್ತದೆ. ಸೆನ್ಸರ್ ನೇರ ಮೇಲಿದ್ದರೆ ಅದರದೇ ಎಲ್‌ಇಡಿ ನಡುವೆ ಬಿಳಿ ಮಚ್ಚೆಯಾಗಿ ಕಾಣುತ್ತದೆ. ಸುಮಾರು 15 ಡಿಗ್ರಿ ಓರೆ ಮಾಡಿ, ಮಚ್ಚೆ ಹೊರಗೆ ಹೋಗುತ್ತದೆ. ಹೊಳಪು ತಡೆಯುವ ಪೋಲರೈಸರ್ ಫಿಲ್ಟರ್ ಸದ್ಯಕ್ಕೆ ಬೇಡ, ಅದು ಅರ್ಧಕ್ಕಿಂತ ಜಾಸ್ತಿ ಬೆಳಕನ್ನೇ ತಿನ್ನುತ್ತದೆ.

ತುಮಕೂರು ಲೈನ್:

ಅಕ್ಕಾ, ಡಿಸ್‌ಪ್ಯಾಚ್ ಶಟರ್ ಪಡುವಣಕ್ಕೇ ಇದೆ! ಇವತ್ತು 4:10ಕ್ಕೆ ಲೈನ್ ಪಕ್ಕ ಬಗ್ಗಿ ನೋಡಿದೆ. ಲಾರಿ ಹೋದ ಕೂಡಲೇ ಬಿಸಿಲು ನೇರ ಮುಚ್ಚಳದ ಮೇಲೆ ಬೀಳುತ್ತದೆ. ಲಾರಿ ನಿಂತಿದ್ದರೆ ರಿಜೆಕ್ಟ್ ಕಡಿಮೆ. ಮೂರು ವಾರ ಇದನ್ನು ನಾನು ಗಮನಿಸಿರಲಿಲ್ಲ.

ಹಾರೋಹಳ್ಳಿ ಅಕ್ಕ:

ಹಾಗಾದರೆ ತಗಡಿನ ಗೂಡು ಮಾಡಿಸು. ಮೂರು ಕಡೆ, ಮೇಲೂ ಮುಚ್ಚಲಿ. ಒಳಗೆ ಮಬ್ಬು ಕಪ್ಪು ಬಣ್ಣ ಬಳಿಸು, ಹೊಳೆಯುವ ಪೇಂಟ್ ಬೇಡ. ಮೇಲಿನ ಟ್ಯೂಬ್‌ಲೈಟಿಗೂ ಅದು ಒಳ್ಳೆಯದು. ನಮ್ಮ ಕರೆಂಟು 50 ಹರ್ಟ್ಸ್, ಸಾದಾ ದೀಪಗಳು ಸೆಕೆಂಡಿಗೆ 100 ಸಲ ಏರಿಳಿಯುತ್ತವೆ. ಎಕ್ಸ್‌ಪೋಷರ್ ಅರ್ಧ ಮಿಲಿಸೆಕೆಂಡ್ ಇದ್ದಾಗ ಒಂದು ಚಿತ್ರ ಏರಿಕೆಯಲ್ಲಿ, ಇನ್ನೊಂದು ಇಳಿತದಲ್ಲಿ ಸಿಗುತ್ತದೆ. ಎಲ್ಲಾ ಆದ ಮೇಲೆ ಮಾಸ್ಟರ್ ಚಿತ್ರ ಹೊಸದಾಗಿ ತೆಗೆಯುವುದನ್ನು ಮರೆಯಬೇಡ. ಹಳೆಯ ಮಾಸ್ಟರ್ ಹಳೆಯ ಬೆಳಕಿನದು.

ತುಮಕೂರು ಲೈನ್:

ಭಾನುವಾರ ಲೈನ್ ನಿಂತಿದ್ದಾಗ ಎಲ್ಲಾ ಮಾಡಿದೆವು. ಸೆನ್ಸರ್ 200 ಮಿ.ಮೀ., ಸ್ವಲ್ಪ ಓರೆ. ಕೆಂಪು ಬಾರ್ ಲೈಟ್. ಎಕ್ಸ್‌ಪೋಷರ್ 0.5, ಗೇನ್ ಕನಿಷ್ಠಕ್ಕಿಂತ ಒಂದು ಹೆಜ್ಜೆ ಮೇಲೆ, ಡಿಲೇ 0. ಗೂಡನ್ನು ನಮ್ಮ ಫ್ಯಾಬ್ರಿಕೇಶನ್ ಅಣ್ಣ ಉಳಿದ ತಗಡಿನಲ್ಲೇ ಬಗ್ಗಿಸಿ ಕೊಟ್ಟರು.

ಈಗ ನಿಮಿಷಕ್ಕೆ 120ರಲ್ಲಿ ಓಡುವಾಗಲೂ ಒಂದೊಂದು ಚುಕ್ಕಿ ಬೇರೆ ಬೇರೆ ಕಾಣುತ್ತದೆ. ತಾರೀಖು ಇರುವ ಬಾಟಲಿಗೆ 88ರಿಂದ 96, ಖಾಲಿ ಮುಚ್ಚಳಕ್ಕೆ 3, 4. ಮಿತಿ 70ರಲ್ಲೇ ಇದೆ. ನಿನ್ನೆ ಶಟರ್ ಪೂರ್ತಿ ತೆರೆದಿತ್ತು, ಬಿಸಿಲೂ ಇತ್ತು. 4ರಿಂದ 5ರವರೆಗೆ ಟ್ರೇನಲ್ಲಿ ಎರಡೇ ಬಾಟಲಿ. ಎರಡರಲ್ಲೂ ಪ್ರಿಂಟ್ ಇರಲಿಲ್ಲ.

ಸೆಟ್ಟಿಂಗ್ ಎಲ್ಲಾ ಕನ್ನಡದಲ್ಲಿ ಬರೆದು ಪ್ಯಾನೆಲ್ ಬಾಗಿಲಿನ ಒಳಗೆ ಅಂಟಿಸಿದ್ದೇನೆ. ಒಂದು ಖಾಲಿ ಮುಚ್ಚಳದ ಬಾಟಲಿಗೆ ಕೆಂಪು ಟೇಪ್ ಸುತ್ತಿ ಅಲ್ಲೇ ಇಟ್ಟಿದ್ದೇವೆ. ಶಿಫ್ಟ್‌ಗೆ ಬಂದವರು ಮೊದಲು ಅದನ್ನು ಬಿಟ್ಟು, ತಳ್ಳಿತಾ ಅಂತ ನೋಡಿಯೇ ಲೈನ್ ಶುರು ಮಾಡುತ್ತಾರೆ. ಅಕ್ಕಾ, ಸರ್, ಇಬ್ಬರಿಗೂ ತುಂಬಾ ಧನ್ಯವಾದ.